ಚಿಕ್ಕಮ್ಮ ಕೊಟ್ಟ ಇಪ್ಪತ್ತೆರಡು ಕಲ್ಲು

ನಮ್ಮ ಕೆತಾಕ ಚಿಕ್ಕಮ್ಮ ಸತ್ತವರಿಗೆ ಬಟ್ಟೆ ನೇಯುತ್ತಿದ್ದಳು. ಬದುಕಿದ್ದವರಿಗೆ ನೇಯುವವರು ನಮ್ಮ ಗುಡ್ಡದ ಸುತ್ತ ಬೇಕಾದಷ್ಟು ಜನ ಇದ್ದರು. ಅವರ ಬಟ್ಟೆ ನಾಲ್ಕು ಸಲ ಒಗೆದರೆ ಪಿಸಿದು ಹೋಗುತ್ತಿತ್ತು. ಚಿಕ್ಕಮ್ಮನದು ಕಲ್ಲಗೋರಿಯ ಕತ್ತಲೆಯಲ್ಲಿ ಬಾಳಬೇಕಾದ ಬಟ್ಟೆ. ಕಾಡಿನ ಮರಗಳಿಂದ ರೇಷ್ಮೆಗೂಡು ಆರಿಸಿ ತಂದು, ಬೂದಿನೀರಿನಲ್ಲಿ ಕುದಿಸಿ, ಒಳಗಿನ ಹುಳುವನ್ನು ಉಪ್ಪು ಹಾಕಿ ಹುರಿದು ನಮಗೆ ತಿನ್ನಲು ಕೊಟ್ಟು, ಗೂಡಿನ ದಾರ ತೆಗೆದು ಮಗ್ಗದ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಕೆಳತುಟಿಯೊಳಗೆ ಯಾವಾಗಲೂ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ. ಗಿರಾಕಿ ಬಂದು "ಸ್ವಲ್ಪ ಬೇಗ ಮಾಡಿಕೊಡಮ್ಮ" ಅಂದರೆ ಆ ಪುಡಿಯನ್ನು ಪಕ್ಕಕ್ಕೆ ಉಗಿದು, "ಯಾಕೆ, ನಿಮ್ಮಜ್ಜ ಎದ್ದು ಎಲ್ಲಿಗಾದ್ರೂ ಹೊರಟಿದಾರಾ?" ಎನ್ನುತ್ತಿದ್ದಳು.

ನಾನು ಬಾಕುಲಿ, ರಬಾರಿಯ ಮಗಳು. ನಮ್ಮೂರು ಅಂಬಾತುಮೇನದ ನಡುವಿನ ಬಂಡೆಯ ಪಕ್ಕದಲ್ಲಿ ಒಲೆ ಹೂಡಿ, ಬೆಳಗಿನ ಹೊತ್ತು ಅಕ್ಕಿಹಿಟ್ಟಿನ ಗುಳಿಯಪ್ಪ ಸುಟ್ಟು ಮಾರುತ್ತೇನೆ. ಹಾಗಾಗಿ ಬಂಡೆಯ ಮೇಲೆ ನಡೆದದ್ದೆಲ್ಲ ನನ್ನ ಕಣ್ಣ ಮುಂದೆಯೇ ನಡೆದದ್ದು. ನಮ್ಮೂರ ಮುದುಕರು ಬೇರೆ ತರ ಹೇಳಿದರೆ ನಂಬಬೇಡಿ. ಅವರಿಗೆ ನೆನಪು ಕಡಿಮೆ, ಬಾಯಿ ಜಾಸ್ತಿ.

ಬಂಡೆಯ ಮೇಲೆ ಯಾವ ಕಾಲದವರೋ ಉಳಿಯಿಂದ ಕೊರೆದ ಗೆರೆಗಳಿವೆ. ಉದ್ದಕ್ಕೆ ಐದು, ಅಡ್ಡಕ್ಕೆ ಒಂಬತ್ತು, ನಡುನಡುವೆ ಓರೆಗೆರೆ. ಅದೇ ಫನೊರೊನ ಆಟದ ಹಾಸು. ಒಬ್ಬನಿಗೆ ಇಪ್ಪತ್ತೆರಡು ಬಿಳಿ ಹೊಳೆಗಲ್ಲು, ಇನ್ನೊಬ್ಬನಿಗೆ ಇಪ್ಪತ್ತೆರಡು ಕೆಂಪು ಇಟ್ಟಿಗೆ ಚೂರು, ನಟ್ಟನಡುವಿನ ಒಂದು ಮನೆ ಮಾತ್ರ ಖಾಲಿ. ಕಲ್ಲನ್ನು ಒಂದು ಹೆಜ್ಜೆ ಮುಂದಿಟ್ಟು ಎದುರಾಳಿಯ ಕಲ್ಲಿಗೆ ಮುಖ ಕೊಟ್ಟರೆ ಆ ಸಾಲಿನ ಅವನ ಕಲ್ಲುಗಳೆಲ್ಲ ಹೋದವು. ಮುಖ ಕೊಟ್ಟು ನಿಂತಿದ್ದ ಕಲ್ಲು ಒಂದು ಹೆಜ್ಜೆ ಹಿಂದೆ ಸರಿದರೂ ಅಷ್ಟೇ, ಬಿಟ್ಟುಬಂದ ಸಾಲು ಹೋಯಿತು. ಹೊಡೆಯುವ ಅವಕಾಶ ಇದ್ದರೆ ಹೊಡೆಯಲೇಬೇಕು, ಬಿಡುವ ಹಾಗಿಲ್ಲ. ಈ ಗೆರೆಗಳ ಮೇಲೆ ಕಣ್ಣು ನೆಟ್ಟು ಕೂತು, ತಂದೆ ಕರೆದಾಗ ಎದ್ದು ಹೋಗದೆ ಸಿಂಹಾಸನ ಕಳೆದುಕೊಂಡ ರಾಜಕುಮಾರನ ಕತೆಯನ್ನು ಮುದುಕರು ಇವತ್ತಿಗೂ ಹೇಳುತ್ತಾರೆ. ಹೇಳಿ ಮುಗಿಸಿ ಮತ್ತೆ ಆಟಕ್ಕೇ ಕೂರುತ್ತಾರೆ.

ಇಷ್ಟು ಎಲ್ಲ ಊರಿಗೂ ಒಂದೇ. ಬೇರೆಯಾಗುವುದು ವೇಲದಲ್ಲಿ. ಒಬ್ಬ ಗೆದ್ದ ಮೇಲೆ ಮಾರನೆಯ ಆಟದಲ್ಲಿ ಸೋತವನಿಗೆ ಅವನು ವೇಲ ಕೊಡಬೇಕು. ಅಂದರೆ ತಾನು ಏನನ್ನೂ ಹೊಡೆಯದೆ ತನ್ನ ಕಲ್ಲುಗಳನ್ನು ಒಂದೊಂದಾಗಿ ಸೋತವನ ಬಾಯಿಗೆ ಒಡ್ಡಬೇಕು, ಅವನು ಒಂದೊಂದನ್ನೇ ತೆಗೆಯಬೇಕು. ನಮ್ಮ ಊರಲ್ಲಿ ಹದಿನೇಳು ಕಲ್ಲು ಕೊಟ್ಟ ಮೇಲೆ ಕೊಡುವುದು ನಿಲ್ಲುತ್ತದೆ. ಉಳಿದ ಐದು ಕಲ್ಲಿನಿಂದ ಇಪ್ಪತ್ತೆರಡರ ಎದುರು ನಿಜವಾದ ಆಟ ಶುರು. ಆಗ ಕೊಟ್ಟವನು ಸೋತರೆ ಲೆಕ್ಕ ಚುಕ್ತಾ, ಇಬ್ಬರೂ ಸಮ. ಐದರಿಂದಲೂ ಗೆದ್ದುಬಿಟ್ಟರೆ ಮತ್ತೊಂದು ವೇಲ ಕೊಡಬೇಕು. ಕೆಳಗೆ ಕಣಿವೆಯ ಅಂಕಾದಿಬೆಯಲ್ಲಿ ಹಾಗಲ್ಲ. ಅಲ್ಲಿ ವೇಲ ಹದಿನೇಳಕ್ಕೆ ನಿಲ್ಲುವುದಿಲ್ಲ, ಕೊನೆಯ ಕಲ್ಲಿನ ತನಕ ಕೊಡುತ್ತಾರೆ. ನಮ್ಮವರು ಅದನ್ನು ಆಟವೇ ಅಲ್ಲ, ತಿಥಿಯೂಟ ಅಂತ ಮೂಗು ಮುರಿಯುತ್ತಾರೆ. ನಮ್ಮ ಕಡೆ ಒಬ್ಬ ಮನುಷ್ಯ ಯಾವೂರಿನವನು ಎಂದು ತಿಳಿಯಬೇಕಾದರೆ ಸತ್ತ ಮೇಲೆ ಯಾವ ಗೋರಿಗೆ ಹೋಗುತ್ತೀಯಪ್ಪ ಎಂದು ಕೇಳುವುದು ವಾಡಿಕೆ. ಅದನ್ನು ಕೇಳಲು ಮುಜುಗರವಾದರೆ ನಿಮ್ಮಲ್ಲಿ ವೇಲ ಎಷ್ಟಕ್ಕೆ ನಿಲ್ಲುತ್ತೆ ಎಂದು ಕೇಳಿದರೂ ಸಾಕು.

ಚಿಕ್ಕಮ್ಮ ಅಂಕಾದಿಬೆಯವಳು. ನನ್ನ ಅಪ್ಪನ ತಮ್ಮ ರತ್ಸಿಂಬನನ್ನು ಮದುವೆಯಾಗಿ ಗುಡ್ಡ ಹತ್ತಿ ಬಂದವಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಇಟ್ಟಿಗೆ ಕೊಯ್ಯುವವರು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೆಂಪು ಮಣ್ಣು ಕಡಿದು, ಅಚ್ಚು ಹೊಡೆದು, ಗೂಡು ಕಟ್ಟಿ ಸುಡುತ್ತಿದ್ದರು. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ಮಕ್ಕಳ ತಾಯಿಗೆ ಗಂಡನ ಗೋರಿಯಲ್ಲಿ ಜಾಗ ತಾನಾಗಿಯೇ ಸಿಗುತ್ತದೆ, ಕೇಳುವವರಿಲ್ಲ. ಮಕ್ಕಳಿಲ್ಲದವಳಿಗೆ ಗೋರಿಯ ಯಜಮಾನ ಒಪ್ಪಬೇಕು. ನಮ್ಮ ಗೋರಿಗೆ ಯಜಮಾನ ನನ್ನ ಅಪ್ಪ. ಅಪ್ಪ ಒಪ್ಪಿದ್ದ. ಉತ್ತರದ ಗೋಡೆಯ ಕಲ್ಲುಮಂಚ ರತ್ಸಿಂಬ ಕೆತಾಕ ಇಬ್ಬರಿಗೂ ಎಂದು ಎಲ್ಲರ ಮುಂದೆ ಹೇಳಿದ್ದ. ಚಿಕ್ಕಮ್ಮನಿಗೆ ಜೀವನದಲ್ಲಿ ಬೇಕಿದ್ದದ್ದು ಅದೊಂದೇ. ತನಗೂ ಗಂಡನಿಗೂ ಎಂದು ಎರಡು ಬಟ್ಟೆ ಅವಳು ಬಹಳ ಹಿಂದೆಯೇ ನೇಯ್ದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟಿದ್ದಳು. ನಾನು ಚಿಕ್ಕವಳಿದ್ದಾಗ ಅದನ್ನು ತೆಗೆದು ತೋರಿಸಿ, "ನೋಡೇ, ನನ್ನ ಮದುವೆ ಬಟ್ಟೆಗಿಂತ ಚೆನ್ನಾಗಿದೆ" ಎನ್ನುತ್ತಿದ್ದಳು.

ಅಪ್ಪ ಆಡುತ್ತಿದ್ದದ್ದು ಮುಂದೆ ನುಗ್ಗಿ. ಮಾತೂ ಹಾಗೇ, ಸಿಟ್ಟೂ ಹಾಗೇ. ಚಿಕ್ಕಪ್ಪ ಮಾತ್ರ ಯಾವಾಗಲೂ ಹಿಂದೆ ಸರಿದೇ ಹೊಡೆಯುತ್ತಿದ್ದ. ಕಲ್ಲೆತ್ತಿ ಮೊಣಕಾಲಿಗೆ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಿದ್ದ, ಆಮೇಲೆ ಹೆದರಿದವನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅಪ್ಪನ ಅರ್ಧ ಸಾಲು ಮಾಯವಾಗಿರುತ್ತಿತ್ತು. ಕೊನೆಯ ದಿನವೂ ಹಾಗೇ ಆಯಿತು. ಸಂಜೆ, ಊರಿನ ಗಂಡಸರೆಲ್ಲ ಸುತ್ತ ಕೂತಿದ್ದರು.

"ಅಣ್ಣಾ, ಇನ್ನೂ ಮುಂದೆ ಹೋಗ್ತೀಯಾ? ಇನ್ನು ಮುಂದೆ ಹೊಳೇನೇ ಇರೋದು" ಎಂದ ಚಿಕ್ಕಪ್ಪ.

"ಬಾಯಿ ಮುಚ್ಕೊಂಡು ಆಡೋ."

"ಆಡೋಕೆ ನಿನ್ನ ಹತ್ರ ಕಲ್ಲೆಲ್ಲಿದೆ?" ಟಕ್ ಟಕ್ ಎಂದು ತಟ್ಟಿ ಕಲ್ಲನ್ನು ಹಿಂದಕ್ಕೆ ಎಳೆದ. ಅಪ್ಪನ ಕೊನೆಯ ಮೂರೂ ಹೋದವು. "ನಾಳೆ ಬೆಳಿಗ್ಗೆ ಹೊಟ್ಟೆ ಖಾಲಿ ಇಟ್ಕೊಂಡು ಬಾ. ಹದಿನೇಳೂ ತಿನ್ನಿಸ್ತೀನಿ. ಅತ್ತಿಗೆಗೆ ಒಲೆ ಹಚ್ಚಬೇಡಿ ಅಂತ ಹೇಳು."

ಜನ ಬಿದ್ದು ಬಿದ್ದು ನಕ್ಕರು. ಅಪ್ಪನ ಕಿವಿ ಅವನ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಹೊದ್ದ ಬಟ್ಟೆ ಕೊಡವಿಕೊಂಡು ಎದ್ದು ಹೋದ.

ಮಾರನೆಯ ಬೆಳಿಗ್ಗೆ ಬಂಡೆಗೆ ಬರುವ ಮೊದಲು ಒಂದು ಗಾಡಿ ಮಣ್ಣು ಕಡಿದು ಬರುತ್ತೇನೆಂದು ಗದ್ದೆಗಿಳಿದ ಚಿಕ್ಕಪ್ಪನ ಮೇಲೆ ಗುಂಡಿಯ ಗೋಡೆ ಕುಸಿಯಿತು. ತೆಗೆಯುವಷ್ಟರಲ್ಲಿ ಜೀವ ಇರಲಿಲ್ಲ. ಬಾಯಿ, ಕಣ್ಣು, ಉಗುರುಸಂದಿ, ಎಲ್ಲ ಕಡೆ ಕೆಂಪು ಮಣ್ಣು. ಅಪ್ಪ ಆಗಲೇ ಬಂಡೆಯ ಮೇಲೆ ಕಲ್ಲು ಜೋಡಿಸಿಟ್ಟು ಕಾಯುತ್ತಿದ್ದ. ಸುದ್ದಿ ತಂದವನು ಬಂದಾಗಲೂ ಅವನ ಕೈಯಲ್ಲಿ ಒಂದು ಕೆಂಪು ಚೂರು ಇತ್ತು.

ಮಣ್ಣಾದ ಮೇಲೆ ಊರಲ್ಲಿ ಗುಸುಗುಸು ಶುರುವಾಯಿತು. ಗೆದ್ದು ವೇಲ ಕೊಡದೆ ಸತ್ತವನನ್ನು ಗೋರಿಗೇನೋ ಇಡಬಹುದು, ಮೈಮೇಲಿದ್ದ ಬಟ್ಟೆಯಲ್ಲೇ. ಆದರೆ ಕೆಲವು ವರ್ಷಕ್ಕೊಮ್ಮೆ ಸತ್ತವರನ್ನು ಹೊರತೆಗೆದು ಹೊಸ ಬಟ್ಟೆ ಸುತ್ತುವ ಮೂಳೆ ತಿರುಗಿಸುವ ಹಬ್ಬದಲ್ಲಿ ಅವನನ್ನು ಹೊರಗೆ ತೆಗೆಯಬಾರದು ಎಂಬುದು ನಮ್ಮ ಗುಡ್ಡದ ಕಟ್ಟುಪಾಡು. ಕೊಡಬೇಕಾದ್ದನ್ನು ಇಟ್ಟುಕೊಂಡೇ ಬಿಸಿಲಿಗೆ ಬಂದರೆ ಕಲ್ಲಿನ ಬದಲು ಮನೆಯವರಲ್ಲೊಬ್ಬರನ್ನು ಸಾವಿಗೆ ಕೊಟ್ಟುಬಿಡುತ್ತಾನಂತೆ. ಅಪ್ಪನಿಗೆ ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಯ ಕೆಳಗೆ ಆ ಸಂಜೆಯ ನಗುವೂ ಇತ್ತು. ನನಗದು ಗೊತ್ತು, ನಾನು ಅವನ ಮಗಳು.

ಐದು ವರ್ಷದ ಮೇಲೆ ಚಳಿಗಾಲದಲ್ಲಿ ನಮ್ಮ ಗೋರಿ ತೆರೆದರು. ಕೊಳಲು, ಡೋಲು, ಕೊಬ್ಬಿನ ಹಂದಿಮಾಂಸ ಹಾಕಿದ ಅನ್ನ, ಎಲ್ಲ ಇತ್ತು. ಒಬ್ಬೊಬ್ಬ ಹಿರಿಯರನ್ನೂ ಚಾಪೆಯ ಮೇಲೆ ಹೊರಗೆ ತಂದು, ಮಡಿಲಲ್ಲಿಟ್ಟುಕೊಂಡು, ಊರಿನ ಸುದ್ದಿ ಹೇಳಿ, ಹೊಸ ಬಟ್ಟೆ ಸುತ್ತಿ, ಹೆಗಲ ಮೇಲೆ ಹೊತ್ತು ಕುಣಿದೆವು. ಅವರಿಗೆಲ್ಲ ಸುತ್ತಿದ ಬಟ್ಟೆ ಚಿಕ್ಕಮ್ಮನೇ ನೇಯ್ದದ್ದು. ಅವಳು ಮಾತ್ರ ಗೋರಿಯ ಬಾಗಿಲ ಬಳಿ, ಗಂಡನಿಗೆಂದು ನೇಯ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬೊಬ್ಬರು ಹೊರಗೆ ಬಂದಾಗಲೂ ಕತ್ತೆತ್ತಿ ನೋಡುತ್ತಿದ್ದಳು. ಕೊನೆಗೆ ಅಪ್ಪ ಹೊರಗೆ ಬಂದು, "ಆಯ್ತು, ಬಾಗಿಲು ಮುಚ್ಚಿ" ಎಂದ. ಚಿಕ್ಕಪ್ಪ ಒಳಗೇ ಉಳಿದ, ಹೂಳಿದ ದಿನದ ಅದೇ ಮಣ್ಣುಮೆತ್ತಿದ ಬಟ್ಟೆಯಲ್ಲಿ. ಚಿಕ್ಕಮ್ಮ ಅಳಲಿಲ್ಲ. ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಸಿದಳು.

ಆಮೇಲೆ ಅವನು ಬರತೊಡಗಿದ.

ಮೊದಲ ಸಲ ಹೇಳಿದ್ದು ನನ್ನ ಒಲೆಯ ಮುಂದೆ. "ಬಾಕುಲಿ, ನಿಮ್ಮ ಚಿಕ್ಕಪ್ಪ ಬಂದಿದ್ರು ಕಣೇ."

"ಕನಸಿನಲ್ಲಾ? ಏನಂದ್ರು?"

"ಚಳಿ ಅಂದ್ರು. ಮಗ್ಗದ ಪಕ್ಕ ನಿಂತ್ಕೊಂಡು, ಯಾರದೋ ಬಟ್ಟೆ ಮುಟ್ಟಿ ನೋಡಿ, ಇದು ನಂದಾ ಅಂತ ಕೇಳಿದ್ರು. ಅಲ್ಲ ಅಂದೆ. ನಾನಾದ್ರೂ ಏನು ಹೇಳ್ಲಿ?"

ದೆವ್ವ ಭೂತ ಅಂದರೆ ನಗುವವಳು ನಾನು. ಆದರೆ ಮನೆಯ ಸತ್ತವರ ಮಾತು ಬೇರೆ. ಅವರು ಚಳಿ ಅಂದರೆ ಚಳಿಯೇ, ಬಟ್ಟೆ ಕೊಡಲೇಬೇಕು. ಒಂದು ಬೆಳಿಗ್ಗೆ ಅವಳು ನನ್ನನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋದಳು. ಮಗ್ಗದ ಮೇಲೆ ಯಾರದೋ ಅಜ್ಜಿಗೆಂದು ಅರ್ಧ ನೇಯ್ದ ಬಟ್ಟೆ. ಅದರ ಅಂಚಿನಲ್ಲಿ ನಾಲ್ಕು ಬೆರಳಿನ ಗುರುತು, ಒದ್ದೆ ಕೆಂಪು ಮಣ್ಣು. ಇಟ್ಟಿಗೆಯ ಕಾಲವೇ ಅಲ್ಲ ಅದು, ಗದ್ದೆಯಲ್ಲೆಲ್ಲ ಪೈರು ನಿಂತಿತ್ತು. ನಾನು ಮೂಸಿ ನೋಡಿದೆ. ಗುಂಡಿಯ ಆಳದ ಮಣ್ಣಿನ ವಾಸನೆ.

"ಇದು ಮೂರನೇ ಬಟ್ಟೆ" ಎಂದಳು ಚಿಕ್ಕಮ್ಮ. "ಬಿಚ್ಚಿ ಮತ್ತೆ ನೇಯ್ತಾ ಇದೀನಿ. ಗಿರಾಕಿಗಳಿಗೆ ಏನಂತ ಹೇಳೋದು?"

ಅಪ್ಪನಿಗೆ ಹೇಳಿದೆ. "ಅವಳ ಕೈಯೇ ಕೊಳಕು" ಎಂದ. ಆದರೆ ಅವತ್ತಿನಿಂದ ಅವನು ಕತ್ತಲಾಗುವ ಮೊದಲೇ ಬಂಡೆಯಿಂದ ಎದ್ದು ಮನೆ ಸೇರತೊಡಗಿದ. ಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನೂ ಬಿಟ್ಟ.

ಆ ವರ್ಷ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ, ಗಂಡಸರೆಲ್ಲ ಬಂಡೆಯ ಮೇಲೆ ಕೂತಿದ್ದಾಗ, ಚಿಕ್ಕಮ್ಮ ನೆಟ್ಟಗೆ ಬಂದು ಚಿಕ್ಕಪ್ಪನ ಜಾಗದಲ್ಲಿ ಕೂತಳು. ಹೆಂಗಸರು ಮನೆಯಲ್ಲಿ ಆಡುತ್ತಿದ್ದೆವು, ಮಕ್ಕಳ ಜೊತೆ ಮೂರುಗೆರೆಯ ಸಣ್ಣ ಆಟ. ಬಂಡೆಗೆ ಬರುತ್ತಿರಲಿಲ್ಲ.

"ಭಾವ, ಕಲ್ಲು ಜೋಡಿಸಿ. ನಿಮ್ಮ ತಮ್ಮನ ವೇಲ ನಾನು ಕೊಡ್ತೀನಿ."

ಅಪ್ಪ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. ಊರಿಗೆ ಹಿರಿಯನಾದ ರಮಾಂಗಜ್ಜನ ಕಡೆ ನೋಡಿದ. ಅಜ್ಜನಿಗೆ ಕಣ್ಣು ಮಂಜು, ಕಿವಿ ಚುರುಕು. "ಒಂದೇ ಮಡಕೇಲಿ ಉಂಡೋಳು. ಅವನ ಕೈ ಅವಳ ಕೈ ಬೇರೆ ಏನಲ್ಲ. ಕೂತ್ಕೊಳ್ಳಲಿ ಬಿಡು" ಎಂದ.

"ಸರಿ" ಎಂದ ಅಪ್ಪ. "ಆದ್ರೆ ಆಟ ಆಟಾನೇ. ನಾನು ಗೆದ್ರೆ ಅವನ ಋಣ ಹರೀತು, ಈ ಚಳಿಗಾಲದಲ್ಲೇ ಹೊರಗೆ ತೆಗೆದು ಬಟ್ಟೆ ಸುತ್ತೋಣ. ನೀನು ಗೆದ್ರೆ ಋಣ ಮತ್ತೆ ಬೆಳೀತು. ಅವನು ಒಳಗೇ ಇರ್ತಾನೆ."

"ಗೊತ್ತು ಭಾವ."

ಹಿಂದಿನ ಸಂಜೆ ಅವಳು ನನಗೆ ಹೇಳಿದ್ದಳು: "ಸೋತು ಬರ್ತೀನಿ ಕಣೇ. ಸೋಲೋದೇನು ಕಷ್ಟ? ನಿಮ್ಮಪ್ಪ ವರ್ಷಾನುಗಟ್ಟಲೆ ಸೋತಿಲ್ವಾ?" ನಾವಿಬ್ಬರೂ ನಕ್ಕಿದ್ದೆವು.

ಅಪ್ಪ ಕೆಂಪು ಕಲ್ಲು ಸರಿಸಿದ. ಚಿಕ್ಕಮ್ಮ ಒಂದು ಬಿಳಿಯನ್ನು ಒಡ್ಡಿದಳು. ಅಪ್ಪ ತೆಗೆದ. ಇನ್ನೊಂದನ್ನು ಒಡ್ಡಿದಳು. ಊಟಕ್ಕೆ ಕೂತವರಿಗೆ ಬಡಿಸುವ ಹಾಗೆ ಸಮಾಧಾನದಿಂದ ಬಡಿಸುತ್ತ ಹೋದಳು. ನಾನು ಒಲೆಯ ಮೇಲಿನ ಗುಳಿಯಪ್ಪ ಸೀಯುವುದನ್ನೂ ಮರೆತು ನೋಡುತ್ತಿದ್ದೆ. ಹದಿನೇಳನೆಯದು ಹೋದಾಗ ರಮಾಂಗಜ್ಜ, "ಕೊಟ್ಟಾಯ್ತು. ಇನ್ನು ಆಟ" ಎಂದ.

ಚಿಕ್ಕಮ್ಮ ಉಳಿದ ಐದರಲ್ಲಿ ಒಂದು ಕಲ್ಲನ್ನು ಎತ್ತಿದಳು. ಎತ್ತಿದ ಕೈ ಮೊಣಕಾಲಿಗೆ ಹೋಯಿತು. ಟಕ್ ಟಕ್.

ಬಂಡೆಯ ಮೇಲಿದ್ದವರೆಲ್ಲ ಆ ಕೈಯ ಕಡೆ ತಿರುಗಿದರು. ಚಿಕ್ಕಮ್ಮನೂ ತನ್ನ ಕೈಯನ್ನೇ ನೋಡುತ್ತಿದ್ದಳು, ಅದು ಯಾರದೋ ಕೈ ಎಂಬಂತೆ. ಆ ಕೈ ಕಲ್ಲನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆಯಿತು, ಅಪ್ಪನ ಒಂದು ಸಾಲು ಹೋಯಿತು. ಅಪ್ಪ ನುಗ್ಗಿದ. ಟಕ್ ಟಕ್. ಮತ್ತೆ ಹಿಂದಕ್ಕೆ. ಇನ್ನೊಂದು ಸಾಲು. ಅಪ್ಪನ ಹಣೆಯ ಮೇಲೆ ಬೆವರು ಮೂಡಿತು, ಚಳಿಗಾಲದ ಬೆಳಗಿನಲ್ಲಿ.

"ರತ್ಸಿಂಬಾ" ಎಂದ ಅಪ್ಪ, ಮೆಲ್ಲಗೆ. ಚಿಕ್ಕಮ್ಮನ ಕಡೆ ನೋಡಿ ಹೇಳಲಿಲ್ಲ, ಕೈಯ ಕಡೆ ನೋಡಿ ಹೇಳಿದ.

ಚಿಕ್ಕಮ್ಮ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡ ಅಂದ್ರೆ" ಎಂದು ಗೊಣಗಿದಳು. ಸಂಸಾರದಲ್ಲಿ ಗಂಡನಿಗೆ ಹೇಳುವ ಹಾಗೆ, ಹಲ್ಲು ಕಚ್ಚಿ. "ಗೆಲ್ಲಬೇಡಿ. ನಿಮಗೇ ಚಳಿ ಆಗೋದು. ಈ ಒಂದು ಸಲ ಸೋಲ್ರೀ." ನಾನು ಹತ್ತಿರವಿದ್ದೆ, ನನಗೆ ಕೇಳಿಸಿತು. ಆ ಮನುಷ್ಯ ಬದುಕಿದ್ದಾಗಲೇ ಯಾರ ಮಾತೂ ಕೇಳಿದವನಲ್ಲ. ಕೆಂಪು ಕಲ್ಲುಗಳು ಹೋಗುತ್ತಲೇ ಇದ್ದವು. ಐದು ಬಿಳಿಯೂ ಹಾಗೇ ನಿಂತಿದ್ದವು. ಕೊನೆಗೆ ಅಪ್ಪನ ಕೈಯಲ್ಲಿ ಬೆರಳೆಣಿಕೆಯ ಚೂರುಗಳು ಉಳಿದವು. ಈಗ ಚಿಕ್ಕಮ್ಮ ಯಾವ ಕಲ್ಲು ಮುಟ್ಟಿದರೂ ಕೆಂಪು ಬೀಳುತ್ತಿತ್ತು. ಹೊಡೆಯುವ ಅವಕಾಶವಿದ್ದರೆ ಬಿಡುವ ಹಾಗಿಲ್ಲ. ಇನ್ನೆರಡು ಕೈ, ಗೆಲುವು. ಗೆದ್ದರೆ ಚಿಕ್ಕಪ್ಪ ಆ ಮಣ್ಣುಬಟ್ಟೆಯಲ್ಲೇ, ಇನ್ನೆಷ್ಟು ವರ್ಷವೋ.

ಅವಳು ಕೈ ಹಿಂದಕ್ಕೆ ತೆಗೆದು ಸೆರಗಿನ ಹಾಗೆ ಹೊದ್ದ ಬಟ್ಟೆಯೊಳಗೆ ಅಡಗಿಸಿದಳು. ಗೆರೆಗಳ ಮೇಲಿದ್ದ ಐದು ಬಿಳಿಯನ್ನೂ ಕಣ್ಣಲ್ಲೇ ಎಣಿಸಿದಳು. ಆಮೇಲೆ ತಲೆಯೆತ್ತಿ, "ಭಾವ, ನಮ್ಮೂರಲ್ಲಿ ವೇಲ ಹದಿನೇಳಕ್ಕೆ ನಿಲ್ಲಲ್ಲ" ಎಂದಳು.

ಅಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಮುಖ ಬಿಗಿಯಿತು. "ಯಾವೂರು ನಿಮ್ಮೂರು?"

ಚಿಕ್ಕಮ್ಮ ನನ್ನ ಕಡೆ ಒಂದು ಸಲ ನೋಡಿದಳು. "ಚಿಕ್ಕಮ್ಮ, ಬೇಡ" ಎಂದೆ. ಜೋರಾಗಿಯೇ ಅಂದೆ, ಎಲ್ಲ ಗಂಡಸರೂ ತಿರುಗಿ ನೋಡಿದರು.

"ಅಂಕಾದಿಬೆ. ನಮ್ಮಪ್ಪನ ಊರು" ಎಂದಳು. "ಅಲ್ಲಿ ಕೊನೇ ಕಲ್ಲಿನ ತನಕ ಕೊಡ್ತೀವಿ. ಕೊಡೋವಾಗ ಹೊಡೆಯೋದಿಲ್ಲ. ಇಷ್ಟು ಹೊತ್ತು ತಪ್ಪಿ ನಿಮ್ಮೂರಿನ ಆಟ ಆಡಿದೆ. ಹೊಡೆದಿದ್ದೆಲ್ಲ ವಾಪಸ್ ಇಟ್ಕೊಳಿ. ಈ ಐದೂ ನಿಮ್ಮದೇ."

"ಕೆತಾಕ, ಹಾಗಂದ್ರೆ ಏನರ್ಥ ಅಂತ ಗೊತ್ತೇನಮ್ಮ?" ರಮಾಂಗಜ್ಜ ಕೇಳಿದ. "ಅಪ್ಪನ ಊರಿನ ಆಟ ಆಡಿದೋಳು ಅಪ್ಪನ ಊರಿನೋಳು. ಹಿರಿಯರ ಬಂಡೆ ಮೇಲೆ ಆಡಿದ ಮಾತು ಇದು. ನಾಳೆ ಬದಲಾಯಿಸೋಕೆ ಬರಲ್ಲ."

"ಗೊತ್ತಜ್ಜ."

"ಗಂಡನ ಪಕ್ಕದ ಜಾಗ..."

"ಗೊತ್ತು ಅಂದ್ನಲ್ಲ." ಅವಳು ಐದು ಕಲ್ಲುಗಳನ್ನೂ ಒಂದೊಂದಾಗಿ ಅಪ್ಪನ ಮುಂದೆ ಒಡ್ಡಿದಳು. ಈ ಸಲ ಕೈ ಮೊಣಕಾಲಿಗೆ ಹೋಗಲಿಲ್ಲ. ಅಪ್ಪ ಒಂದೊಂದನ್ನೂ ತೆಗೆದ. ಬೇಡ ಎನ್ನಬಹುದಿತ್ತು. ಸಾಕು ಬಿಡು ಕೆತಾಕ, ನನಗೆ ಬರಬೇಕಾದ್ದು ಬಂತು ಅಂತ ಎದ್ದು ಹೋಗಬಹುದಿತ್ತು. ನನ್ನ ಅಪ್ಪನಿಗೆ ಮುಂದೆ ನುಗ್ಗುವುದು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಕೊನೆಯ ಬಿಳಿಕಲ್ಲನ್ನು ಎತ್ತಿಕೊಂಡು, "ಋಣ ಹರೀತು" ಎಂದ. ಯಾರೂ ನಗಲಿಲ್ಲ.

ಆ ಚಳಿಗಾಲದಲ್ಲಿ ಗೋರಿ ತೆರೆದು ಚಿಕ್ಕಪ್ಪನೊಬ್ಬನನ್ನೇ ಹೊರಗೆ ತಂದೆವು. ಚಿಕ್ಕಮ್ಮ ಅವನನ್ನು ಮಡಿಲಲ್ಲಿಟ್ಟುಕೊಂಡು ಪೆಟ್ಟಿಗೆಯ ಬಟ್ಟೆಯನ್ನು ತಾನೇ ಸುತ್ತಿದಳು, ಮಗುವಿಗೆ ಸುತ್ತುವ ಹಾಗೆ ಅಂಚು ಒಳಗೆ ಮಡಿಸಿ ಮಡಿಸಿ. ಮಗು ಬೇಕಾದ ಹೆಂಗಸರು ಅವನನ್ನು ಹೊತ್ತು ತಂದ ಚಾಪೆಯ ಎಳೆ ಹಾಸಿಗೆಯಡಿ ಇಟ್ಟರೆ ಬಸಿರಾಗುತ್ತದೆಂದು ಅದನ್ನು ಕಿತ್ತುಕೊಳ್ಳಲು ಮುಗಿಬಿದ್ದರು. "ತಗೊಳ್ರೇ ತಗೊಳ್ರೇ, ನನಗಂತೂ ಉಪಯೋಗಕ್ಕೆ ಬರಲಿಲ್ಲ" ಎಂದು ಅವರನ್ನು ನಗಿಸಿದಳು. ಅವನನ್ನು ಹೊತ್ತು ಗೋರಿಯ ಸುತ್ತ ಕುಣಿದಾಗ ಎಲ್ಲರಿಗಿಂತ ಜೋರಾಗಿ ಕುಣಿದವಳು ಅವಳೇ.

ಒಳಗೆ ಇಡುವಾಗ ಅಪ್ಪ ತಮ್ಮನನ್ನು ತನ್ನ ಕೈಯಿಂದಲೇ ಉತ್ತರದ ಕಲ್ಲುಮಂಚದ ನಟ್ಟನಡುವೆ ಮಲಗಿಸಿದ. ಇಬ್ಬರಿಗೆಂದು ಮಾಡಿದ ಮಂಚ ಅದು. "ಆರಾಮಾಗಿ ಮಲಗೋ. ಪಕ್ಕಕ್ಕೆ ಇನ್ಯಾರೂ ಬರಲ್ಲ" ಎಂದ. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅವತ್ತು ನನ್ನ ಅಪ್ಪನನ್ನು ಆ ಕತ್ತಲೆಯೊಳಗೇ ತಳ್ಳಿ ಬಾಗಿಲು ಹಾಕಿಬಿಡಬೇಕು ಅನ್ನಿಸಿತು ನನಗೆ.

ಚಿಕ್ಕಪ್ಪ ಕನಸಿಗೆ ಬರುವುದು ನಿಂತಿತು. ಮಗ್ಗದ ಮೇಲೆ ಮಣ್ಣಿನ ಗುರುತು ಮತ್ತೆ ಕಾಣಲಿಲ್ಲ. ಚಿಕ್ಕಮ್ಮ ಇನ್ನೂ ಕೆಲವು ವರ್ಷ ನೇಯುತ್ತ, ಉಗಿಯುತ್ತ, ಗಿರಾಕಿಗಳನ್ನು ಬೈಯುತ್ತ ಬದುಕಿದಳು. "ಈಗ ಬೆಚ್ಚಗಿದಾರೆ" ಎಂದು ಆಗಾಗ ಹೇಳುತ್ತಿದ್ದಳು. ಬಂಡೆಯ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಮಳೆಗಾಲ ಕೆಮ್ಮು ಹತ್ತಿ ಹೋಗಿಬಿಟ್ಟಳು. ಅಂಕಾದಿಬೆಯಿಂದ ಅವಳ ಅಣ್ಣನ ಮಗ ನಾಲ್ಕು ಜನರೊಂದಿಗೆ ಬಂದ. ಹೆಣ ಎತ್ತುವ ಹೊತ್ತಿಗೆ ಅಪ್ಪ ಜನರ ನಡುವಿನಿಂದ ಮುಂದೆ ಬಂದು, "ಇಲ್ಲೇ ಇರಲಿ ಬಿಡಪ್ಪ. ನಮ್ಮ ಮನೆ ಸೊಸೆ" ಎಂದ.

"ಹೌದಾ?" ಎಂದ ಆ ಹುಡುಗ. ಒರಟಾಗಿ ಹೇಳಲಿಲ್ಲ. "ಬಂಡೆ ಮೇಲೆ ಅತ್ತೆ ಯಾವೂರಿನೋಳು ಅಂತ ನೀವೇ ಕೇಳಿದ್ರಂತೆ. ಅತ್ತೆ ಹೇಳಿದ್ರಂತೆ." ಹೊತ್ತುಕೊಂಡು ಗುಡ್ಡ ಇಳಿದರು. ಅವಳ ಮೈಮೇಲೆ ಪೆಟ್ಟಿಗೆಯ ಎರಡನೆಯ ಬಟ್ಟೆ. ನಾನೇ ಹೊದಿಸಿದ್ದೆ.

ಮುಂದಿನ ಮೂಳೆ ತಿರುಗಿಸುವ ಹಬ್ಬದ ತನಕ ನಮ್ಮ ಮನೆಯಲ್ಲಿ ಮತ್ತೆ ಸಾವಾಗಲಿಲ್ಲ, ಗೋರಿಯ ಬಾಗಿಲು ತೆರೆಯಲಿಲ್ಲ. ತೆರೆದ ದಿನ ಬಾಗಿಲಿಗೆ ಮೆತ್ತಿದ್ದ ಮಣ್ಣು ಬಿರುಕಿಲ್ಲದೆ ಹಾಗೇ ಇತ್ತು, ಗುದ್ದಲಿಯಿಂದ ಒಡೆಯಬೇಕಾಯಿತು. ಯಜಮಾನನಾಗಿ ಅಪ್ಪ ಮೊದಲು ಒಳಗೆ ಹೋದ, ಹಿಂದೆಯೇ ದೀಪ ಹಿಡಿದು ನಾನು. ನೆಲದ ಧೂಳಿನ ಮೇಲೆ ಇಲಿಯ ಹೆಜ್ಜೆಯೂ ಇರಲಿಲ್ಲ. ಹಿರಿಯರೆಲ್ಲ ಇಟ್ಟಲ್ಲೇ ಇದ್ದರು.

ಚಿಕ್ಕಪ್ಪ ಮಾತ್ರ ಇಟ್ಟಲ್ಲಿ ಇರಲಿಲ್ಲ. ಮಂಚದ ನಡುವೆ ಖಾಲಿ. ಅವನು ಗೋಡೆಗೆ ಒತ್ತಿಕೊಂಡು, ಒಂದು ಮಗ್ಗುಲಾಗಿ ಮಲಗಿದ್ದ. ಅವನ ಈಚೆಗೆ, ಒಬ್ಬ ಹೆಂಗಸು ಮಲಗುವಷ್ಟು ಜಾಗ.

ನಾನು ದೀಪವನ್ನು ಹತ್ತಿರ ಹಿಡಿದೆ. ಅಪ್ಪ ಆ ಜಾಗವನ್ನು ಕೈಯಿಂದ ಸವರಿ ನೋಡಿದ. ಆಮೇಲೆ ಮೊಣಕಾಲೂರಿ ಕೂತುಬಿಟ್ಟ.

"ಹಿಂದೆ ಸರಿದ" ಎಂದ. "ನೋಡೇ ಬಾಕುಲಿ, ಹಿಂದೆ ಸರಿದು ಹೊಡೆದ ನನ್ನ ತಮ್ಮ."

ಅದಾದ ಮೇಲೆ ಅಪ್ಪ ಅಂಕಾದಿಬೆಗೆ ಹೋದ, ಕೋಲೂರಿಕೊಂಡು, ಒಂದು ಸಲವಲ್ಲ, ಮತ್ತೆ ಮತ್ತೆ. ಮೂಳೆಯನ್ನಾದರೂ ಕೊಡಿ ಎಂದು ಬೇಡಿದ. ಅವರು ಅನ್ನ ಬಡಿಸಿದರು, ಕುಡಿಯಲು ರಮ್ ಕೊಟ್ಟರು, ಅವಳನ್ನು ಕೊಡಲಿಲ್ಲ. ಅವಳ ಬಾಯಿಂದ ಬಂದ ಮಾತನ್ನು ಅವಳ ಪರವಾಗಿ ಯಾರು ತಿದ್ದುತ್ತಾರೆ?

ಅಪ್ಪ ಹೋದದ್ದು ಕಳೆದ ಚಳಿಯಲ್ಲಿ. ಯಜಮಾನನಿಗೆ ಕಲ್ಲುಮಂಚದ ಮೇಲೆ ಜಾಗ ಕೊಡಬೇಕು, ಗೋರಿಯಲ್ಲಿ ಖಾಲಿ ಇದ್ದದ್ದು ತಮ್ಮನ ಪಕ್ಕದ ಅದೊಂದೇ ಜಾಗ. ಆದರೆ ಸಾಯುವ ಮೊದಲು ನನ್ನ ಕೈ ಹಿಡಿದುಕೊಂಡು, "ಅಲ್ಲಿ ಇಡಬೇಡ ಕಣೇ. ನೆಲದ ಮೇಲೆ ಇಡು, ಬಾಗಿಲ ಹತ್ರ" ಎಂದಿದ್ದ. ಹಾಗೇ ಮಾಡಿದೆವು. ನನ್ನ ಅಪ್ಪ ಈಗ ನೆಲದ ಮೇಲೆ, ಕಾಲುದಾರಿಯಲ್ಲಿ ಮಲಗಿದ್ದಾನೆ. ಪಾಪ ಅನ್ನಿಸುತ್ತದೆ, ಸಿಟ್ಟೂ ಹೋಗಿಲ್ಲ.

ಕೆತಾಕ ಚಿಕ್ಕಮ್ಮ ಈಗ ನನ್ನ ಕನಸಿಗೆ ಬರುತ್ತಾಳೆ. ಚಳಿ ಅನ್ನುವುದಿಲ್ಲ, ಅವಳ ಬಟ್ಟೆ ಇನ್ನೂ ಹೊಸದರ ಹಾಗೇ ಇದೆ. ಒಲೆಯ ಪಕ್ಕ ನಿಂತು, ಪುಡಿ ಉಗಿದು, "ನಮ್ಮೂರಿಗೆ ಯಾವ ದಾರೀಲಿ ಹೋಗ್ಬೇಕೇ ಬಾಕುಲಿ?" ಎಂದು ಕೇಳುತ್ತಾಳೆ. ನಾನು ಕೈ ಎತ್ತಿ ನಮ್ಮ ಗುಡ್ಡ, ಬಂಡೆ, ಗೋರಿಯ ಬಾಗಿಲು ಎಲ್ಲ ತೋರಿಸುತ್ತೇನೆ. ಅವಳು ಅತ್ತ ನೋಡುತ್ತ ನಿಲ್ಲುತ್ತಾಳೆ. ಹೆಜ್ಜೆ ಮಾತ್ರ ಇಡುವುದಿಲ್ಲ.